ಮರದ ರೆಕಾರ್ಡು ಹಿಡಿದು ಹೊರಟ ಮಾವ

ನಮ್ಮ ಸೋದರಮಾವನ ಕಣ್ಣಿಗೆ ಈ ಪ್ರಪಂಚದಲ್ಲಿ ಯಾವುದೂ ನೆಟ್ಟಗೆ ತಿರುಗುವುದಿಲ್ಲ! ಫ್ಯಾನು ಓಲಾಡುತ್ತದೆ, ಮಿಕ್ಸಿ ಅದುರುತ್ತದೆ, ನನ್ನ ಸ್ಕೂಟರಿನ ಹಿಂದಿನ ಚಕ್ರವಂತೂ ಕುಡಿದವನ ಹಾಗೆ ನಡೆಯುತ್ತದೆ. ಚನ್ನಪಟ್ಟಣದಲ್ಲಿ ನಲವತ್ತು ವರ್ಷ ಲೇತಿನ ಮುಂದೆ ಕೂತು ಮರದ ಗೊಂಬೆ ಕಡೆದವನು ನೋಡಿ. ಮದುವೆಗೆ ಹೋದರೂ ಮೊದಲು ತಲೆಯೆತ್ತಿ ಛತ್ರದ ಫ್ಯಾನು ನೋಡಿ, ಆಮೇಲೆ ಗಂಡು ಹೆಣ್ಣನ್ನು ನೋಡುತ್ತಾನೆ. ಇಂಥವನು ರೆಕಾರ್ಡು ತಿರುಗಿಸಿ ಹಾಡಿಸುವ ಟರ್ನ್‌ಟೇಬಲ್ ಕೊಳ್ಳುತ್ತೇನೆಂದು ಹೊರಟರೆ ಜೊತೆಗೆ ಹೋದವನ ಗತಿ ಏನಾಗಬೇಡ? ಆ ಪುಣ್ಯಾತ್ಮ ನಾನೇ.

ನಾನು ರಾಮನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದೇನೆ. "ಮಾವ, ಲೋಕದ ಹಾಡೆಲ್ಲ ಈ ಫೋನಲ್ಲೇ ಐತೆ" ಎಂದೆ.

"ನಿಮ್ಮತ್ತೆ ಹಾಡಿರೋದು ಐತಾ?"

ಇರಲಿಲ್ಲ. ಅತ್ತೆ ಮದುವೆಗೆ ಮುಂಚೆ ದೊಡ್ಡಮಳೂರಿನ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದಳು. ಅಂಬೆಗಾಲು ಕೃಷ್ಣನ ಮೇಲೆ ಮಂಡಳಿಯವರೇ ಕಟ್ಟಿದ ಹಾಡನ್ನು ಒಂದು ಚಿಕ್ಕ ರೆಕಾರ್ಡು ಮಾಡಿಸಿದ್ದರು. ಅದರಲ್ಲಿ ನಾಲ್ಕು ಸಾಲು ಅತ್ತೆ ಒಬ್ಬಳದೇ. ಮನೆಯ ಹಳೇ ಪ್ಲೇಯರು ಕೆಟ್ಟು ಯಾವ ಕಾಲವೋ ಆಗಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹಾಡುವವಳೇ ಅಡಿಗೆಮನೆಯಲ್ಲಿದ್ದಳಲ್ಲ! ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಅತ್ತೆ ಉಳಿದಳು, ದನಿ ಹೋಯಿತು. ಈಗ ಎಲ್ಲಾ ಕೈಸನ್ನೆ. ಅವಳ ದನಿ ಉಳಿದಿದ್ದು ಆ ಒಂದು ರೆಕಾರ್ಡಿನಲ್ಲಿ ಮಾತ್ರ.

"ಯಾರಿಗಾದ್ರೂ ಕೊಟ್ಟು ಫೋನಿಗೆ ಹಾಕಿಸ್ಬುಡಾಣ ಮಾವ."

"ಅವ್ರು ಎಂಥಾ ಸೂಜಿ ಇಕ್ತಾರೋ ಏನೋ! ಆ ನಾಕ್ ಸಾಲಿನ ಮೇಲೆ ಗೀರು ಬಿದ್ರೆ ನೀನ್ ಬಂದು ಹಾಡ್ತೀಯೇನ್ಲಾ?"

ನನ್ನ ಹಾಡು ಕೇಳಿದವರು ಯಾರೂ ಈ ಪ್ರಶ್ನೆ ಕೇಳಲಾರರು.

ಆನ್‌ಲೈನಿನಲ್ಲಿ ಸೂಟ್‌ಕೇಸಿನಂಥ ಚೆಂದದ ಒಂದು ಟರ್ನ್‌ಟೇಬಲ್ ತರಿಸಿದೆ. ಮಾವ ಅದಕ್ಕೆ ರೆಕಾರ್ಡು ತೋರಿಸಲೂ ಇಲ್ಲ. ಒಳಗಿಂದ ಒಂದು ಮರದ ಬಿಲ್ಲೆ ತಂದ. ರೆಕಾರ್ಡಿನಷ್ಟೇ ಅಗಲಕ್ಕೆ ಕಡೆದು, ಕಪ್ಪು ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಮುಖ ಕಾಣುವಂತೆ ಮಾಡಿದ್ದ. ನಡುವೆ ತೂತು ಬೇರೆ! ಹಾಡೊಂದು ಬಿಟ್ಟು ರೆಕಾರ್ಡಿನ ಲಕ್ಷಣವೆಲ್ಲ ಇತ್ತು. ಸೂಜಿ ಇಳಿಸಿದರೆ ಕರ್ರ್ ಎಂದು ಬಿಳೀ ಗೀರು ಬಿತ್ತು.

"ಇದು ಸೂಜಿಯಲ್ಲ ಕಣ್ಲಾ, ಉಳಿ. ವಾಪಸ್ ಕಳ್ಸು."

ಕಳಿಸುವಾಗ ಫೋನಿನಲ್ಲಿ ಕಾರಣ ಆರಿಸಬೇಕಿತ್ತು. ಬಣ್ಣ ಹಿಡಿಸಲಿಲ್ಲ, ತಡವಾಗಿ ಬಂತು ಎಂದೆಲ್ಲ ಇತ್ತು. ಮರದ ರೆಕಾರ್ಡಿಗೆ ಗೀರು ಬಿತ್ತು ಎಂದು ಇರಲೇ ಇಲ್ಲ.

ಮಾವ ಬಿಲ್ಲೆಗೆ ಮತ್ತೆ ಅರಗು ಹಚ್ಚಿಕೊಂಡ. ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋದೆವು. ಅಲ್ಲಿನ ಹುಡುಗಿ ಹಾಡು ಹಾಕಿ, "ಸೌಂಡ್ ಹೇಗಿದೆ ಸರ್?" ಎಂದಳು.

"ಒಸಿ ಹಾಡು ನಿಲ್ಸವ್ವ, ತಿರುಗೋದು ಕೇಳಿಸ್ತಿಲ್ಲ."

ಅಷ್ಟಕ್ಕೇ ಬಿಟ್ಟನೇ? ಬಗ್ಗಿ ಒಂದು ಕಣ್ಣು ಮುಚ್ಚಿ ತಟ್ಟೆಯ ಅಂಚು ನೋಡಿದ. ಆಮೇಲೆ ಲೇತು ನಿಲ್ಲಿಸುವ ಅಭ್ಯಾಸದಲ್ಲಿ, ತಿರುಗುತ್ತಿದ್ದ ತಟ್ಟೆಯ ಮೇಲೆ ಪಟ್ಟೆಂದು ಅಂಗೈ ಊರಿಬಿಟ್ಟ! ಆ ಹುಡುಗಿ ಕೂಗಿದ್ದಕ್ಕೆ ಅಂಗಡಿಯೆಲ್ಲ ತಿರುಗಿ ನೋಡಿತು. ಇದರ ಮೇಲೆ ಚೀಲದಿಂದ ಮರದ ಬಿಲ್ಲೆಯೂ ಹೊರಗೆ ಬಂತು.

"ಸರ್, ಇದರಲ್ಲಿ ಹಾಡೇ ಇಲ್ಲ!"

"ಅದಕ್ಕೇ ತಂದಿರೋದು."

ನಮ್ಮನ್ನು ಬಹಳ ಮರ್ಯಾದೆಯಿಂದ ಬಾಗಿಲವರೆಗೂ ಕಳಿಸಿಕೊಟ್ಟರು. ನನಗೆ ಸಿಟ್ಟು ನೆತ್ತಿಗೇರಿತ್ತು. ಬಸ್ಸಿನಲ್ಲಿ ಮಾವ ಬಿಲ್ಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಕಡೆ ತಿರುಗಿ ಕೂತಿದ್ದ. ಬಿಡದಿ ದಾಟಿದ ಮೇಲೆ, "ಅವಳ ದನಿ ಹೆಂಗಿತ್ತು ಅಂತ ನಂಗೆ ಮರೀತಾ ಐತೆ ಕಣ್ಲಾ" ಎಂದ. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಕೊನೆಗೆ ಸಿಕ್ಕಿದ್ದು ಕನಕಪುರದ ಒಬ್ಬ ರೇಡಿಯೋ ರಿಪೇರಿಯವರ ಹತ್ತಿರ, ಹಳೆಯದೊಂದು ಟರ್ನ್‌ಟೇಬಲ್. ಆ ಹಿರಿಯರು ಬಿಲ್ಲೆ ನೋಡಿ ನಗಲಿಲ್ಲ. ಬೆಳಕಿಗೆ ಹಿಡಿದು, "ನೀವೇ ಕಡೆದದ್ದಾ?" ಎಂದರು. ಟರ್ನ್‌ಟೇಬಲಿನ ಸೂಜಿಯಿದ್ದ ಲೋಹದ ಕೈಯ ಹಿಂದಿನ ತೂಕದ ಗುಂಡನ್ನು ಕೂದಲೆಳೆಯಷ್ಟು ತಿರುಗಿಸಿ ಸೂಜಿ ಇಳಿಸಿದರು. ಅದು ಸದ್ದಿಲ್ಲದೆ ಜಾರಿಕೊಂಡು ನಡುವಿಗೆ ಹೋಯಿತು. ಮಾವ ಪಂಚೆ ಸೆರಗಿನಲ್ಲಿ ಬಿಲ್ಲೆ ಒರೆಸಿ ಹುಡುಕಿದ, ಮತ್ತೆ ಹುಡುಕಿದ. ಗೀರಿಲ್ಲ.

"ಒತ್ತಲ್ಲ, ಮುಟ್ತದೆ ಅಷ್ಟೆ. ಕಲ್ತಿರೋ ಕೈ ಇದು" ಎಂದ. ಯಂತ್ರವೊಂದನ್ನು ಅವನು ಹೊಗಳಿದ್ದು ನಾನು ಕಂಡಂತೆ ಅದೇ ಮೊದಲು.

ಮನೆಗೆ ಬಂದು ಮೊದಲು ಕಾನೂನು ಹೇಳಿದ. ಸೂಜಿ ಎಷ್ಟೇ ಹಗುರಾದರೂ ಹಾಕಿದಷ್ಟೂ ರೆಕಾರ್ಡು ಸವೆಯುತ್ತದೆ, ಹಾಗಾಗಿ ಇವತ್ತೊಂದು ಸಲ, ಇನ್ನು ವರ್ಷಕ್ಕೊಂದು ಸಲ ಕೃಷ್ಣಾಷ್ಟಮಿಗೆ. ಅತ್ತೆ ಕೈ ಒರೆಸಿಕೊಂಡು ಬಂದು ಕೂತಳು. ಮಂಡಳಿಯ ಗದ್ದಲವೆಲ್ಲ ಮುಗಿದು, ಆಮೇಲೆ ಒಂದು ಎಳೇ ದನಿ ಒಂಟಿಯಾಗಿ ಎದ್ದಿತು. ಅತ್ತೆಯ ತುಟಿ ಅದರ ಜೊತೆಗೇ ಆಡತೊಡಗಿತು. ಫೋನಿಗೆ ಹಿಡಿದುಕೊಳ್ಳೋಣವೆಂದು ಕೂತಿದ್ದ ನಾನು ಗುಂಡಿ ಒತ್ತುವುದನ್ನೇ ಮರೆತೆ. ಮಾವ ಮಾತ್ರ ತಲೆ ಎತ್ತಲಿಲ್ಲ. ಬಗ್ಗಿ ಸೂಜಿಯನ್ನೇ ಕಾಯುತ್ತಿದ್ದ.

ಹಾಡು ಮುಗಿಯಿತು. ರೆಕಾರ್ಡು ತೆಗೆಯಲು ಮಾವ ಕೈ ಹಾಕಿದ. ಅತ್ತೆ ಒಂದು ಬೆರಳೆತ್ತಿದಳು.

"ಸವೀತದೆ ಕಣೆ" ಎಂದ ಮಾವ.

ಬೆರಳು ಇಳಿಯಲಿಲ್ಲ. ಅವನು ರೆಕಾರ್ಡನ್ನು ನೋಡಿದ, ಅವಳನ್ನು ನೋಡಿದ.

"ಸವೀಲಿ ಬುಡು."

ಆ ಸಂಜೆ ಐದು ಸಲ ಹಾಕಿದ. ಎರಡನೇ ಸಲದಿಂದ ಸೂಜಿಯ ಕಡೆ ನೋಡಲೇ ಇಲ್ಲ. ಅತ್ತೆಯ ತುಟಿ ನೋಡುತ್ತ ಕೂತಿದ್ದ.