ಜುಗೂಳದ ಅಜ್ಜಿಯ ನೀರಿನ ಟ್ರಸ್ಟ್

ಅಥಣಿಯಲ್ಲಿ ವಕೀಲಿ ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಹೊಡೆದಾಟದ ಕೇಸಿನವರು ಎಂದೂ ನನ್ನ ಬೆವರಿಳಿಸಿಲ್ಲ. ಬೆವರಿಳಿಸಿದವರೆಲ್ಲ ಪುಣ್ಯ ಮಾಡಲು ಹೊರಟವರು. "ವಕೀಲರ, ಒಂದು ಟ್ರಸ್ಟ್ ಮಾಡಬೇಕ್ರಿ" ಎಂದು ಯಾರಾದರೂ ಮೆಟ್ಟಿಲು ಹತ್ತಿದರೆ ಸಾಕು, ಆ ದಿನ ನನ್ನ ಆಫೀಸಿನಲ್ಲಿ ಬೇರೆ ಕೆಲಸ ಸಾಗುವುದಿಲ್ಲ.

೧. ಬಡ ವಿದ್ಯಾರ್ಥಿಗಳು

ದ್ರಾಕ್ಷಿ ತೋಟದ ಯಜಮಾನರೊಬ್ಬರು ಪತ್ರ ಬರೆಸಿಕೊಂಡೇ ಬಂದಿದ್ದರು. ಬಡ ವಿದ್ಯಾರ್ಥಿಗಳ ಓದಿಗಾಗಿ ತೋಟ, ಮನೆ, ಟ್ರ್ಯಾಕ್ಟರ್ ಎಲ್ಲವೂ ಧರ್ಮಾರ್ಥ ಟ್ರಸ್ಟಿಗೆ! ಎಂಥ ದೊಡ್ಡ ಮನಸ್ಸು ಎಂದು ನಾನು ಎದ್ದು ನಿಂತು ಚಹಾ ತರಿಸಿದೆ. ಕೊನೆಯ ಪುಟದಲ್ಲಿ ವಿದ್ಯಾರ್ಥಿಗಳ ಹೆಸರಿತ್ತು. ಇಬ್ಬರೇ. ಇಬ್ಬರೂ ಅವರ ಮೊಮ್ಮಕ್ಕಳು.

"ಇದು ಧರ್ಮಾರ್ಥ ಆಗೂದಿಲ್ರಿ. ಹತ್ತು ಮಂದಿಗೆ ಉಪಯೋಗ ಆಗಬೇಕು. ಇದು ಬರೇ ನಿಮ್ಮ ಮನಿ ಮಂದಿ ಟ್ರಸ್ಟ್," ಎಂದೆ.

"ಯಾಕ್ರಿ? ಅವರೂ ಓದಾಕತ್ತಾರಲ್ರಿ?"

"ಓದಾಕತ್ತಾರ, ಖರೆ. ಬಡವರು ಹ್ಯಾಂಗ ಆದ್ರು?"

ಯಜಮಾನರು ಚಹಾ ಮುಗಿಸಿ ಕಪ್ಪು-ಬಸಿ ಕೆಳಗಿಟ್ಟರು. "ಆಸ್ತಿ ಎಲ್ಲಾ ಟ್ರಸ್ಟಿಗೆ ಬರದ ಮ್ಯಾಲ ಪಾಪ, ಅವಕ್ಕರ ಏನ್ ಉಳಿತೈತ್ರಿ?"

೨. ಧರ್ಮ ಅಂದರೇನು

ಆದರೆ ನನಗೆ ನಿಜವಾಗಿ ನೀರು ಕುಡಿಸಿದವಳು ಜುಗೂಳ ಹಳ್ಳಿಯ ಅಜ್ಜಿ. ರಸ್ತೆ ಪಕ್ಕ ಬೇವಿನ ಗಿಡದ ಕೆಳಗೆ ಆಕೆಯದೊಂದು ತುಂಡು ಜಾಗ. ಬೇಸಿಗೆಯಲ್ಲಿ ಅಲ್ಲಿ ಮಣ್ಣಿನ ಗಡಿಗೆಗಳಲ್ಲಿ ದಾರಿಹೋಕರಿಗೆ ನೀರಿಡುವುದು ಆಕೆಯ ಗಂಡ ಹಾಕಿಕೊಟ್ಟ ಪದ್ಧತಿ. ಗಂಡ ಹೋದ, ಮಕ್ಕಳಿಲ್ಲ. ಮೈದುನನ ಮಗನಿಗೆ ಆ ಜಾಗದ ಮೇಲೆ ಕಣ್ಣು. ಅಜ್ಜಿ ಕಣ್ಣು ಮುಚ್ಚಿದ ಮರುದಿನವೇ ಗಡಿಗೆ ಒಡೆದು ಧಾಬಾ ಹಾಕುತ್ತೇನೆಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದಕ್ಕೇ ಅಜ್ಜಿ ಒಂದು ಚೀಟಿ ಹಿಡಿದು ಬಂದಿದ್ದಳು. ಅದರಲ್ಲಿ ಇದ್ದದ್ದು ಒಂದೇ ಸಾಲು: "ಈ ಜಾಗ ಧರ್ಮಕ್ಕೆ."

"ಅಜ್ಜಿ, ಬರೇ ಧರ್ಮ ಅಂತ ಬರದ್ರ ಕೋರ್ಟು ಒಪ್ಪೂದಿಲ್ಲ. ಯಾವ ಕೆಲಸ ಅಂತ ಸ್ಪಷ್ಟ ಇರಬೇಕು."

ಅಜ್ಜಿ ನನ್ನನ್ನೂ, ನನ್ನ ಹಿಂದಿದ್ದ ದಪ್ಪ ಪುಸ್ತಕಗಳನ್ನೂ ನೋಡಿದಳು. "ಧರ್ಮ ಅಂದ್ರ ಏನಂತ ಗೊತ್ತಿಲ್ದವರು ಅಲ್ಲಿ ಕುಂತು ನ್ಯಾಯ ಹ್ಯಾಂಗ ಹೇಳ್ತಾರೋ ಯಪ್ಪಾ?"

೩. ಎತ್ತಿನ ಪಾಲು

ಎಂಟು ದಿನಕ್ಕೆ ಅಜ್ಜಿ ಮತ್ತೆ ಹಾಜರ್. ಈ ಸಲ ಚೀಟಿ ಬಹಳ ಸ್ಪಷ್ಟವಾಗಿತ್ತು: "ಈ ಜಾಗ ನಮ್ಮ ಎತ್ತಿಗೆ." ದಿನಾ ಗಡಿಗೆ ತುಂಬಿಸಲು ಗಾಡಿ ಎಳೆಯುವುದು ಅದೇ ಎತ್ತಂತೆ. ಮನೆಯಲ್ಲಿ ಅದರಷ್ಟು ನಂಬಿಗಸ್ಥರು ಮತ್ಯಾರೂ ಇಲ್ಲವಂತೆ.

ನಾನು ಸಮಾಧಾನದಿಂದ ವಿವರಿಸಿದೆ. "ಒಬ್ಬರ ಹೆಸರಿಗೆ ಟ್ರಸ್ಟ್ ಮಾಡಿದ್ರ, ನೋಡ್ಕೊಳ್ಳಾವ ಮೋಸ ಮಾಡಿದಾಗ ಅವರು ಕೋರ್ಟಿಗೆ ಬಂದು ಕೇಳಾಕ ಬರಬೇಕಜ್ಜಿ. ಎತ್ತು ಕೋರ್ಟಿಗೆ ಬರತೈತೇನು?"

"ಬರತೈತಿ. ಗಾಡಿ ಹೂಡಿದ್ರ ಬೆಳಗಾವಿಗೂ ಬರತೈತಿ."

"ಬಂದು ಮಾತಾಡಬೇಕಲ್ಲ?"

"ಮತ್ತ ನಿನ್ನ ಯಾತಕ್ಕ ಹಿಡದೇನಿ?"

೪. ಎಲ್ಲಾರಿಗೂ, ಒಬ್ಬನ್ನ ಬಿಟ್ಟು

ಕೊನೆಗೆ ನಾನೇ ಕೂತು ಬರೆದೆ. ಈ ಜಾಗದಲ್ಲಿ, ಬಾಯಾರಿ ಬಂದವರೆಲ್ಲರಿಗೂ, ಕುಡಿಯುವ ನೀರು. ನೋಡಿಕೊಳ್ಳಲು ಊರಿನ ಮೂವರು. ಜಾಗ ಖಚಿತ, ಕೆಲಸ ಖಚಿತ, ಉಪಯೋಗ ಊರಿಗೆ. ಇಂಥ ಟ್ರಸ್ಟ್ ಅಜ್ಜಿಯ ನಂತರವೂ ಎಷ್ಟು ಕಾಲ ಬೇಕಾದರೂ ನಡೆಯಬಹುದು. ಖುಷಿಯಿಂದ ಅದನ್ನು ಓದಿ ಹೇಳಿದೆ. ಅಜ್ಜಿ ಕೇಳಿ ತಲೆಯಾಡಿಸಿದಳು.

"ಚಲೋ ಐತಿ. ಎಲ್ಲಾರಿಗೂ, ಮೈದುನನ ಮಗನ್ನ ಬಿಟ್ಟು, ಅಂತ ಬರಿ."

"ಎಲ್ಲಾರಿಗೂ ಅಂದ ಮ್ಯಾಲ ಅವನೂ ಬಂದನಜ್ಜಿ. ಹೆಸರು ಹಿಡಿದು ಬಿಟ್ರ, ಅದನ್ನ ನೆಪ ಮಾಡಿ ಕೋರ್ಟಿಗೆ ಹೋಗತಾನ."

ಒಂದು ತಾಸು ಜಗಳವಾಯಿತು. ಸಿಟ್ಟಿನಿಂದಲೇ ಒಪ್ಪಿದಳು.

ನೋಂದಣಿಯ ದಿನ ಮೇ ತಿಂಗಳ ರಣಬಿಸಿಲು. ನೋಂದಣಿ ಕಚೇರಿಯ ಸಾಹೇಬರು ಪತ್ರ ತಿರುವುತ್ತಿದ್ದಾಗ ಮೈದುನನ ಮಗ ಮೋಟರ್‌ಸೈಕಲ್ ಹೊರಗೆ ಕೆಡವಿ ಒಳಗೆ ನುಗ್ಗಿದ. "ಸಾಹೇಬ್ರ, ನಮ್ಮ ದೊಡ್ಡವ್ವಗ ತಲಿ ನೆಟ್ಟಗಿಲ್ರಿ! ಬಾಯಾರಿದವರು ಅಂದ್ರ ಯಾರ್ರಿ? ಹೆಸರಿಲ್ಲ, ಪತ್ತೆ ಇಲ್ಲ! ಈಗಿನ ಕಾಲದಾಗ ಬಾಟ್ಲಿ ನೀರು ಬಿಟ್ಟು ಗಡಗಿ ನೀರು ಯಾರು ಕುಡಿತಾರ? ಒಬ್ಬನ್ನಾದ್ರೂ ತೋರಸ್ರಿ!"

ಸಾಹೇಬರ ಪೆನ್ನು ನಿಂತಿತು. ಇವತ್ತು ತಪ್ಪಿದರೆ ಈ ವಯಸ್ಸಿನ ಜೀವ ಮತ್ತೆ ಬರುವುದು ಯಾವಾಗ? ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಮತ್ತೆ ಶುರುಮಾಡಿದ. ಧಾಬಾ ಬಂದರೆ ಊರು ಹೇಗೆ ಉದ್ಧಾರವಾಗುತ್ತದೆಂದು ಕೂಗಿ ಕೂಗಿ ಗಂಟಲು ಒಣಗಿತು, ಕೆಮ್ಮು ಹತ್ತಿತು, ಮಾತು ನಿಂತಿತು. ಕೆಮ್ಮುತ್ತಲೇ ಆಚೆ ಈಚೆ ನೋಡಿದ.

ಅಜ್ಜಿ ಚೀಲದಿಂದ ತನ್ನ ಗಡಿಗೆಯ ನೀರು ತುಂಬಿದ್ದ ತಾಮ್ರದ ತಂಬಿಗೆ ತೆಗೆದು ಅವನ ಕೈಗಿಟ್ಟಳು. ಅವನು ಹಿಂದೆ ಮುಂದೆ ನೋಡದೆ ಗಟಗಟ ಎಂದು ಕೊನೆಯ ಹನಿವರೆಗೂ ಕುಡಿದ. ಅವನು ಬಾಯಿ ಒರೆಸಿಕೊಳ್ಳುವವರೆಗೆ ಕಾದು ಅಜ್ಜಿ ಸಾಹೇಬರ ಕಡೆ ತಿರುಗಿದಳು.

"ಬರಕೊಳ್ರಿ ಸಾಹೇಬ್ರ, ಒಬ್ಬಾವ ಸಿಕ್ಕ."