ಒದ್ದು ಕಣ್ಣಿಗೊತ್ತಿಕೊಳ್ಳುವ ವಿದ್ಯೆ

ಕೆಟ್ಟ ಅಭ್ಯಾಸ ಬಿಡುವುದು ಕಷ್ಟ ಎನ್ನುತ್ತಾರೆ. ಒಂದು ಒಳ್ಳೆಯ ಅಭ್ಯಾಸವನ್ನು ಬಿಟ್ಟು ನೋಡಿ, ಕಷ್ಟವೆಂದರೇನು ಎಂದು ಆಗ ತಿಳಿಯುತ್ತದೆ. ನಾನು ನಶ್ಯ ಬಿಟ್ಟಿದ್ದೇನೆ, ಇಸ್ಪೀಟು ಬಿಟ್ಟಿದ್ದೇನೆ, ಬ್ಯಾಂಕಿನವರು ವರ್ಗ ಮಾಡಿದಾಗ ತಿಪಟೂರನ್ನೇ ಬಿಟ್ಟು ವಿಶಾಖಪಟ್ಟಣಕ್ಕೆ ಬಂದಿದ್ದೇನೆ. ಆದರೆ ಕಾಲು ತಗುಲಿದವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ಬಿಡಲು ಪಟ್ಟ ಪಾಡು ನಾಯಿಗೂ ಬೇಡ. ಏಕೆ ಬಿಡಬೇಕಿತ್ತು ಎನ್ನುತ್ತೀರಾ? ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಕರಾಟೆಗೆ ಸೇರಿದ್ದೆ.

ಅದು ಎಂಬತ್ತರ ದಶಕದ ಕೊನೆ. ನನ್ನ ಮಗಳು ಸುಧಾಗೆ ಆಗ ಹನ್ನೆರಡು ವರ್ಷ. ಒಂದು ಸಂಜೆ ಟ್ಯೂಷನ್ನಿನಿಂದ ಬರುವಾಗ ಯಾವನೋ ಪೋಲಿ ಅವಳ ಜಡೆ ಎಳೆದು ಸೈಕಲ್ಲಿನಲ್ಲಿ ಪರಾರಿಯಾದ. ಹುಡುಗಿ ಅಳುತ್ತಾ ಮನೆಗೆ ಬಂದಳು. ಮರುದಿನವೇ ಎಂವಿಪಿ ಕಾಲೋನಿಯ ಮೈದಾನದಲ್ಲಿ ನಡೆಯುತ್ತಿದ್ದ ಕರಾಟೆ ತರಗತಿಗೆ ಸೇರಿಸಿದೆ. ಅಲ್ಲಿ ಇವಳೊಬ್ಬಳೇ ಹೆಣ್ಣುಮಗಳು. ವಾರದೊಳಗೆ ಬರುವುದಿಲ್ಲವೆಂದು ಹಟ ಹಿಡಿದಳು. ತೆಲುಗು ಶಾಲೆಯ ಸಹವಾಸದಿಂದ ಅವಳು ನನ್ನನ್ನು ಕರೆಯುವುದು ‘ಅಪ್ಪಾ’ ಎಂದಲ್ಲ, ‘ನಾನ್ನಾ’ ಎಂದೇ.

“ನೀನೂ ಬಾ ನಾನ್ನಾ. ನೀನು ಹಳದಿ ಬೆಲ್ಟ್ ತಗೊಂಡ್ರೆ ನಾನೂ ಕಲೀತೀನಿ. ಇಲ್ಲಾಂದ್ರೆ ಇಬ್ಬರೂ ಬಿಡೋಣ, ಸರೇನಾ?” ಎಂದಳು.

ಸರಿ ಎಂದೆ. ಎಂದ ಮೇಲೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ. ಹಾಗೆಂದು ನಾನು ನಂಬಿದ್ದೆ, ನನ್ನ ಹೆಂಡತಿ ನಂಬಿರಲಿಲ್ಲ. ಬಿಳಿ ಉಡುಪು ತೊಟ್ಟು ನಿಂತ ನನ್ನನ್ನು ನೋಡಿ, “ಮದುವೇಲಿ ಅಡುಗೆಗೆ ಹೊರಟ ಹಾಗಿದೆ,” ಎಂದಷ್ಟೇ ಹೇಳಿದಳು.

ಕಾಲಗಲಿಸಿ ಮಂಡಿ ಬಗ್ಗಿಸಿ ನಿಲ್ಲುವುದು ಬಂತು. ಪೆಟ್ಟಾಗದಂತೆ ಬೀಳುವುದು ಬಂತು. ಬೀಳುವುದಕ್ಕೆ ನಾನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಮಣಿಕಟ್ಟು ಹಿಡಿದವನ ಹೆಬ್ಬೆರಳಿನ ಕಡೆಗೆ ಕೈ ತಿರುಚಿ ಬಿಡಿಸಿಕೊಳ್ಳುವುದಂತೂ ಬಲು ಚೆನ್ನಾಗಿ ಬಂತು. ಎಡವಟ್ಟಾದದ್ದು ಒದೆಯಲ್ಲಿ. ನನ್ನ ಜೊತೆಗಾರ ಅಪ್ಪಲರಾಜು ಅಂಚೆ ಕಚೇರಿಯ ಗುಮಾಸ್ತ, ಸಾಧು ಮನುಷ್ಯ. ಮೊದಲ ದಿನ ನನ್ನ ಪಾದ ಅವರ ಎದೆಗೆ ತಾಗಿದ್ದೇ ತಡ, ಬಗ್ಗಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. “ಫರ್ವಾಲೇದು ಸಾರ್,” ಎಂದು ಸಮಾಧಾನ ಹೇಳುತ್ತಲೇ ಅವರು ನನ್ನ ಬೆನ್ನಿಗೊಂದು ಬಿಟ್ಟರು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ಮೈದಾನದಲ್ಲಿ ಕಂಡುಕೊಂಡರೋ!

“ಮೂರ್ತಿಗಾರೂ, ಚೆಯ್ಯಿ ಪೈಕಿ! ಗಾರ್ಡ್!” ಎಂದು ಮಾಸ್ಟರು ಕೂಗುತ್ತಿದ್ದರು. ಒದ್ದ ಮೇಲೆ ಕೈ ಮೇಲೆ, ಗದ್ದದ ಹತ್ತಿರ ಇರಬೇಕು. ನನ್ನ ಕೈ ಮಾತ್ರ ಕೆಳಗೇ ಹೋಗುತ್ತಿತ್ತು. ಒಂದು ತಿಂಗಳು ಒದ್ದೆ, ಒಂದು ತಿಂಗಳು ನಮಸ್ಕರಿಸಿದೆ, ಒಂದು ತಿಂಗಳು ಹೊಡೆಸಿಕೊಂಡೆ. ಮನೆಯಲ್ಲಿ ಸುಧಾ ಗೋಡೆಗೆ ಒತ್ತಿ ಹಿಡಿದ ದಿಂಬಿಗೆ ಒದ್ದು, ದಿಂಬನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡಾಗ ಅವಳ ಮುಖ ಸಪ್ಪಗಾಯಿತು. “ಇನ್ನು ಬಿಡೋಣ ನಾನ್ನಾ,” ಎಂದಳು. ಆ ಜಡೆ ನೋಡಿದೆ. ಆಗಲೇ ಶಪಥ ಮಾಡಿದೆ.

ಅಂದಿನಿಂದ ಕಾಲಿಗೆ ಏನೇ ತಗುಲಲಿ, ಮುಷ್ಟಿ ಗದ್ದಕ್ಕೆ. ಬಾಗಿಲು ತಗುಲಿತೇ, ಮುಷ್ಟಿ ಗದ್ದಕ್ಕೆ. ಬ್ಯಾಂಕಿನಲ್ಲಿ ಮೇಜಿನಡಿಯ ಕಸದ ಬುಟ್ಟಿ ತಗುಲಿತೇ, ಮುಷ್ಟಿ ಗದ್ದಕ್ಕೆ. ಸಹಿ ಹಾಕಿಸಲು ಬಂದಿದ್ದ ಹಿರಿಯರೊಬ್ಬರು ಬೆಚ್ಚಿಬಿದ್ದು, “ರೇಪು ವಸ್ತಾನು ಸಾರ್,” ಎಂದು ನಾಳೆಗೆ ವಾಯಿದೆ ಹೇಳಿ ಹೋದವರು ನಾಳೆಯೂ ಬರಲಿಲ್ಲ. ನಾನು ಹಟ ಬಿಡಲಿಲ್ಲ.

ಹಳದಿ ಬೆಲ್ಟಿನ ಪರೀಕ್ಷೆ ವಿಜಯವಾಡದಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ. ನನಗೆ ಜೊತೆಯಾದವರು ಗನ್ನವರಂನ ಡ್ರಾಯಿಂಗ್ ಮೇಷ್ಟ್ರು, ನನ್ನದೇ ವಯಸ್ಸು, ನನ್ನದೇ ಹೊಟ್ಟೆ. ನಾನು ಒದ್ದೆ. ಪಾದ ತಗುಲಿತು. ಕೈ ಸೊಂಟದವರೆಗೆ ಇಳಿಯಿತು. “ನಾನ್ನಾ!” ಎಂದು ಸುಧಾ ಕಿರುಚಿದಳು. ಕೈ ಹಲ್ಲು ಕಚ್ಚಿಕೊಂಡು ಮೇಲೆ ಬಂತು. ಈಗ ಅವರ ಸರದಿ. ಅವರ ಕಾಲು ನನ್ನ ಹೊಟ್ಟೆಗೆ ತಾಗಿತು. ಪಾಪ, ಅವರು ತಟ್ಟನೆ ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು! ಆ ಬೆನ್ನು ನೋಡಿ ನನ್ನ ಕರುಳು ಚುರುಕ್ಕೆಂದಿತು. “ಫರ್ವಾಲೇದು ಸಾರ್,” ಎಂದೆ. ಎಂದು, ಗುದ್ದಿದೆ. ಹಳದಿ ಬೆಲ್ಟ್ ನನ್ನದಾಯಿತು. ಸುಧಾ ರೈಲಿನಲ್ಲಿ ದಾರಿಯುದ್ದಕ್ಕೂ ಅದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡೇ ಬಂದಳು. ನನಗೆ ಪ್ರಮೋಷನ್ ಬಂದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಮನೆಗೆ ಬಂದರೆ ತಿಪಟೂರಿನಿಂದ ಅಮ್ಮ ಬಂದಿದ್ದಳು. ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಬೆಲ್ಟಿನ ಕಥೆ ಹೇಳುವ ಭರದಲ್ಲಿ ಕಾಲು ಚಾಚಿದೆ, ಅಮ್ಮನಿಗೆ ತಗುಲಿತು. ನನ್ನ ಎರಡು ಮುಷ್ಟಿಗಳೂ ಗದ್ದಕ್ಕೆ ಬಂದು ನಿಂತವು.

ಅಮ್ಮ ಕಲಸಿದ ತುತ್ತು ಕೈಯಲ್ಲೇ ಉಳಿಯಿತು. “ಏನೋ ಇದು? ಹೆತ್ತ ತಾಯಿಗೇ ಗುದ್ದು ತೋರಿಸ್ತೀಯೇನೋ?”

ನಾಚಿಕೆಯಿಂದ ನೀರಾಗಿ ಹೋದೆ. ಗಡಬಡಿಸಿ ಬಗ್ಗಿ ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡೆ.

“ನಾನ್ನಾ, ಗಾರ್ಡ್!” ಎಂದು ಸುಧಾ ಕೂಗುವಷ್ಟರಲ್ಲಿ ಅಮ್ಮನ ಎಡಗೈ ನನ್ನ ಬೆನ್ನಿನ ಮೇಲೆ ಧಡ್ಡೆಂದು ಬಿದ್ದಿತ್ತು.