ಮುಚ್ಚಿದ ಗಾಲಿ, ಬಿಚ್ಚದ ಬಾಳೆಕಂಬ

ನನ್ನ ಹೊಟ್ಟೆಕಿಚ್ಚು ತೀರಾ ದೂರ ಹೋಗುವುದಿಲ್ಲ. ಯಾವನೋ ಸ್ವಂತ ವಿಮಾನ ಕೊಂಡನೆಂದು ಓದಿದರೂ ಆರಾಮಾಗಿ ಉಪ್ಪಿಟ್ಟು ತಿನ್ನುತ್ತೇನೆ. ಪಕ್ಕದ ಕ್ವಾರ್ಟರ್ಸಿನ ಮುನಿರಾಜು ಬಾಗಿಲಿಗೆ ಹೊಸ ಕಾಲೊರಸು ಹಾಕಿದರೆ ಮಾತ್ರ ಅದೇ ಉಪ್ಪಿಟ್ಟು ಗಂಟಲಲ್ಲಿ ನಿಲ್ಲುತ್ತದೆ. ನಾನು ಹಾಸನದ ಕಡೆಯವನು, ಅವನು ಇಲ್ಲೇ ಬೂದಿಕೋಟೆಯವನು. ಕೆ.ಜಿ.ಎಫ್.ನ ಒಂದೇ ಕಾರ್ಖಾನೆಯಲ್ಲಿ ಇಬ್ಬರಿಗೂ ಒಂದೇ ಹುದ್ದೆ. ಆದರೂ ನನ್ನ ಹೆಂಡತಿ ಸುಜಾತ ಮಾತೆತ್ತಿದರೆ "ಮುನಿರಾಜಣ್ಣನ್ನ ನೋಡಿ ಕಲೀರಿ" ಎನ್ನುತ್ತಾಳೆ. ನನ್ನನ್ನು ನೋಡಿ ಯಾರಾದರೂ ಕಲಿಯಲಿ ಎಂದು ಅವಳ ಬಾಯಿಂದ ಒಮ್ಮೆಯಾದರೂ ಕೇಳಬೇಕೆಂಬುದು ನನ್ನ ಬಹುಕಾಲದ ಆಸೆ.

ಆಯುಧಪೂಜೆ ಹತ್ತಿರ ಬಂದಿದ್ದಾಗ ಒಂದು ಭಾನುವಾರ ನಮ್ಮ ಟೀವಿಯಲ್ಲಿ ರೇಸ್ ಕಾರುಗಳು ಓಡುತ್ತಿದ್ದವು. "ಇಷ್ಟು ದುಡ್ಡು ಸುರಿದು ಮಾಡಿದ ಕಾರಿಗೆ ಗಾಲಿ ಮೇಲೆ ಒಂದು ಮಡ್‌ಗಾರ್ಡ್ ಇಲ್ವಲ್ಲ!" ಎಂದಳು ಸುಜಾತ. ನಾನು ಬಾಯಿ ತೆರೆಯುವಷ್ಟರಲ್ಲಿ, ಕಾಫಿಗೆ ಬಂದಿದ್ದ ಮುನಿರಾಜು ತಟ್ಟೆಯಿಂದ ಒಂದು ಚಕ್ಕುಲಿ ಎತ್ತಿ ಗಾಲಿಯಂತೆ ಟೀಪಾಯಿಯ ಮೇಲೆ ನಿಲ್ಲಿಸಿ ಉರುಳಿಸಿಯೇಬಿಟ್ಟ.

"ಆ ರೇಸಿನ ರೂಲ್ಸೇ ಅಂಗಕ್ಕಾ, ಗಾಲಿ ಮುಚ್ಚಂಗಿಲ್ಲ. ಮುಚ್ಚದಿರೋ ಗಾಲೀನೇ ಗಾಳಿಗೆ ದೊಡ್ಡ ಅಡ್ಡ. ಗಾಲಿ ತಲೆ ಐತಲ್ಲ, ಅದು ಕಾರಿಗಿಂತ ಎರಡರಷ್ಟು ಜೋರಾಗಿ ಎದುರುಗಾಳಿ ಗುದ್ಕೊಂಡು ಓಯ್ತದೆ. ಇಂದ್ಗಡೆ ಗಾಳಿ ಸುಳಿ ಸುತ್ಕೊಂಡು ಕಾರನ್ನ ಎಳೀತದೆ. ಅದಕ್ಕೇ ಮುಂದ್ಗಡೆ ರೆಕ್ಕೆ ಇಟ್ಟು ಗಾಳೀನ ಪಕ್ಕಕ್ಕೆ ತಿರುಗಿಸೋದು."

ಚಕ್ಕುಲಿ ಉರುಳಿದತ್ತ ಸುಜಾತಳ ಕಣ್ಣೂ ಉರುಳಿತು. ಇದೆಲ್ಲ ನನಗೂ ಗೊತ್ತಿತ್ತು ಎನ್ನೋಣವೆಂದರೆ, ಗೊತ್ತಿರಲಿಲ್ಲ. ಪಾಠ ಮುಗಿಸಿ ಅವನು ಚಕ್ಕುಲಿ ತಿಂದ. ಚಕ್ಕುಲಿ ನಮ್ಮದು, ಹೊಗಳಿಕೆ ಅವನದು.

ನಮ್ಮ ಕ್ವಾರ್ಟರ್ಸಿನವರಲ್ಲಿ ಒಂದು ಪದ್ಧತಿಯಿದೆ. ಆಯುಧಪೂಜೆಯ ಬೆಳಿಗ್ಗೆ, ನಾವೇ ಮಾಡಿದ ಎಂಜಿನ್ನಿಲ್ಲದ ಬಂಡಿಗಳಿಗೂ ಪೂಜೆ ಮಾಡಿ, ಸಂಜೆ ಅವುಗಳಲ್ಲಿ ಕೂತು ಉರಿಗಾಂ ಕಡೆಯ ಇಳಿಜಾರಿನಲ್ಲಿ ಪಂದ್ಯ ಕಟ್ಟಿ ಇಳಿಯುತ್ತೇವೆ. ಈ ಸಲ ನಾನು ಚಕ್ಕುಲಿಯ ಪಾಠವನ್ನೇ ಕದ್ದು, ಬಂಗಾರಪೇಟೆಯಿಂದ ಅಲ್ಯೂಮಿನಿಯಂ ತಗಡು ತಂದು, ನಾಲ್ಕೂ ಗಾಲಿಗಳನ್ನು ಅಚ್ಚುಕಟ್ಟಾಗಿ ಮುಚ್ಚಿದೆ. ಪಾಠ ಹೇಳಿದವನ ಬಂಡಿಯ ಗಾಲಿಗಳು ಮಾತ್ರ ಬಯಲಾಗಿಯೇ ಇದ್ದವು. "ನಮ್ಮ ಸ್ಪೀಡಿಗೆ ಅದೆಲ್ಲ ಯಾಕಣ್ಣಾ?" ಎಂದ. ನನಗೆ ಒಳಗೊಳಗೇ ಹಬ್ಬ.

ಹಬ್ಬ ಪೂಜೆಯ ಹೊತ್ತಿಗೇ ಮುಗಿಯಿತು. ಅವನ ಬಂಡಿಯ ಚೆಂಡುಹೂವಿನ ಹಾರ ನೋಡಿ ಸುಜಾತ "ಎಷ್ಟು ಕಳೆ ಬಂದಿದೆ ನೋಡ್ರೀ!" ಎಂದುಬಿಟ್ಟಳು. ನಾನು ನೆಟ್ಟಗೆ ಆಂಡರ್ಸನ್‌ಪೇಟೆಗೆ ಹೋಗಿ, ಆಟೋದಲ್ಲೂ ಹಿಡಿಸದಂಥ ಎರಡು ಬಾಳೆಕಂಬ ತಂದು ಬಂಡಿಯ ಮುಂದೆ ಎರಡೂ ಬದಿಗೆ ಬಿಗಿದೆ. ಸಂಜೆ ಎಲ್ಲರೂ ಅಲಂಕಾರ ಬಿಚ್ಚಿಟ್ಟರು. "ಅಣ್ಣಾ, ಕಂಬ ಬಿಚ್ಚಲ್ವಾ?" ಎಂದ ಮುನಿರಾಜು. ಅಂತೂ ಅವನಿಗೂ ಹೊಟ್ಟೆ ಉರಿಯುತ್ತಿದೆ ಎಂದು ನನಗೆ ತುಂಬಾ ಸಂತೋಷವಾಯಿತು. "ಪೂಜೆ ಮಾಡಿದ್ದು, ಇರ್ಲಿ ಬಿಡಪ್ಪ" ಎಂದೆ.

ಗಾಲಿಯ ಕೆಳಗಿನ ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಂಡಿ ಹೊರಟಿತು. ಎದುರಿನಿಂದ ಗಾಳಿ ಬೀಸಿತು. ಗಾಲಿಗಳು ತಗಡಿನ ಮರೆಯಲ್ಲಿ ಬೆಚ್ಚಗಿದ್ದವು. ಮೇಲೆ ಬಾಳೆಯೆಲೆಗಳು ಛತ್ರಿಯ ಹಾಗೆ ಅರಳಿ ಇಡೀ ಗಾಳಿಯನ್ನು ಹಿಡಿದು ನಿಂತವು. ಒಂದು ಎಲೆ ನನ್ನ ಮುಖಕ್ಕೇ ಅಂಟಿಕೊಂಡಿತು. ಅದನ್ನು ಸರಿಸಿ ನೋಡುವಷ್ಟರಲ್ಲಿ ಎಲ್ಲರೂ ನನ್ನನ್ನು ದಾಟಿಹೋಗಿದ್ದರು. ಎಲ್ಲರಿಗಿಂತ ಮುಂದೆ ಮುನಿರಾಜು, ಬಯಲು ಗಾಲಿಗಳಲ್ಲಿ. ನನ್ನ ಬಂಡಿ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು.

ಗೆದ್ದವನೇ ಇಳಿಜಾರು ಹತ್ತಿ ಬಂದು ನನ್ನ ಬಂಡಿ ತಳ್ಳಿದ. ಕೆಳಗೆ ಕಾಯುತ್ತಿದ್ದ ಸುಜಾತಳ ಮುಂದೆ ನಿಲ್ಲಿಸಿ, "ಏನೇ ಅನ್ನಕ್ಕಾ, ಅಣ್ಣನ ಬಂಡಿ ಕಳೆ ಯಾರ ಬಂಡೀಗೂ ಇರ್ಲಿಲ್ಲ. ಅಲಂಕಾರ ಮಾಡೋದು ಅಣ್ಣನ್ನ ನೋಡಿ ಕಲೀಬೇಕು" ಎಂದ.

ಕೊನೆಗೂ ಆ ಮಾತು ನನ್ನ ಬಗ್ಗೆ ಬಂದಿತ್ತು. ನಾನು ಎದೆಯುಬ್ಬಿಸಿ, ಕೂದಲಿಗೆ ಸಿಕ್ಕಿದ್ದ ಎಲೆಚೂರು ಕೊಡವಿ, ಸುಜಾತಳ ಮುಖ ನೋಡಿದೆ. ಅವಳು ಅವನನ್ನೇ ನೋಡುತ್ತಿದ್ದಳು.

"ಗೆದ್ದರೂ ಎಂಥಾ ದೊಡ್ಡ ಮನಸ್ಸು!" ಎಂದಳು. "ಮುನಿರಾಜಣ್ಣನ್ನ ನೋಡಿ ಕಲೀರಿ."